ಮೊಳೆ ಹೊಡೆಯದ ಸ್ಟ್ಯಾಂಡು

"ಮೊಳೆ ಬೇಡ, ಸ್ಕ್ರೂ ಬೇಡ, ಗುಂಡುಪಿನ್ನೂ ಬೇಡ ಅಂದ್ರೆ ಸ್ಟ್ಯಾಂಡು ನಿಲ್ಲೋದು ಹೇಗೆ ಮೇಡಂ? ಬರೀ ಮಾತಿನ ಮೇಲಾ?"

ಆಂಟೆನಾ ಕೂರಿಸುವ ಮರದ ಸ್ಟ್ಯಾಂಡು ಮಾಡಲು ಬಂದ ಬಡಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನನಗೆ ಸಿಟ್ಟು ಬಂತು. ಆಂಟೆನಾ ಅಳೆಯುವ ಈ ಕೋಣೆಯಲ್ಲಿ ನನ್ನನ್ನು ಯಾರೂ ತಮಾಷೆ ಮಾಡಿದ್ದಿಲ್ಲ. ಅಷ್ಟು ಹೊತ್ತು ಯಾರೂ ನಿಲ್ಲುವುದೂ ಇಲ್ಲ. ಗೋಡೆ, ಸೂರು, ನೆಲ ಎಲ್ಲ ಕಡೆಯೂ ನೀಲಿ ಸ್ಪಂಜಿನ ಮುಳ್ಳು. ಬಂದ ರೇಡಿಯೋ ಅಲೆಯನ್ನು ಅದು ಅಲ್ಲೇ ನುಂಗುತ್ತದೆ, ಮನುಷ್ಯರ ಮಾತನ್ನೂ ಬಿಡುವುದಿಲ್ಲ. ಕೆಮ್ಮಿದರೆ, ಕೆಮ್ಮಿದ್ದು ನಾನೇನಾ ಎಂದು ಅನುಮಾನ ಬರುತ್ತದೆ.

"ಅಂಟು ಹಾಕಿ, ಮರದ ಗೂಟ ಹೊಡೀರಿ," ಎಂದೆ ಬಿಗಿಯಾಗಿ. "ಲೋಹ ಇದ್ರೆ ಅಳತೆ ಕೆಡತ್ತೆ."

"ಯಾಕೆ ಕೆಡತ್ತೆ?"

ಇದನ್ನು ಇಲ್ಲಿ ಯಾರೂ ಕೇಳಿರಲಿಲ್ಲ. ಕುರ್ಚಿ ತೋರಿಸಿದೆ. ನಾನು ಕೆಟ್ಟದ್ದು ಅಲ್ಲೇ.

"ಲೋಹದ ಒಳಗೆ ಎಲೆಕ್ಟ್ರಾನ್‌ಗಳು ಇರ್ತವೆ. ಅಲೆ ಬಂದ್ರೆ ಎಲ್ಲಾ ಒಟ್ಟಿಗೆ ಓಲಾಡ್ತವೆ. ಓಲಾಡಿದ್ರೆ ಅವೂ ಅಲೆ ಕಳಿಸ್ತವೆ. ಆಂಟೆನಾನೂ ಲೋಹವೇ. ಅಲೆನ ಬರೀ ಪಡ್ಕೊಂಡು ಸುಮ್ನೆ ಕೂತ್ಕೊಳ್ಳೋಕೆ ಯಾವ ಆಂಟೆನಾಗೂ ಬರಲ್ಲ."

"ಸಂಕೋಚದ ಆಂಟೆನಾ ಒಂದೂ ಇಲ್ವಾ?"

"ಇಲ್ಲ."

"ಪರವಾಗಿಲ್ಲವೇ!" ಎಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನನ್ನನ್ನೇ ಅಳೆಯುವಂತೆ ಓರೆಗಣ್ಣಿನಲ್ಲಿ ನೋಡಿದರು. ನಾನು ಕಾಗದ ಹುಡುಕತೊಡಗಿದೆ. ಯಾವ ಕಾಗದವೂ ಕಳೆದಿರಲಿಲ್ಲ.

ಮರುದಿನ ಮರ ಉಜ್ಜುತ್ತ ಮತ್ತೆ ಶುರು ಮಾಡಿದರು. "ಬೆಳಕಿನ ಹಾಗೆ ಈ ರೇಡಿಯೋ ಅಲೆಯಲ್ಲೂ ಫೋಟಾನ್ ಅನ್ನೋ ಕಣ ಇರತ್ತಂತಲ್ಲ? ಒಂದೇ ಒಂದು ಕಳಿಸಿದ್ರೆ ಆ ಕಡೆಗೆ ಗೊತ್ತಾಗಲ್ವಾ?"

"ರೇಡಿಯೋ ಫೋಟಾನ್ ತೀರಾ ಬಡಪಾಯಿ. ಈ ಕೋಣೆಯ ಬಿಸಿಗೇ ಅಂಥವು ಸಾವಿರಾರು ಎದ್ದು ಆಂಟೆನಾದಲ್ಲಿ ಗದ್ದಲ ಮಾಡ್ತಿರ್ತವೆ. ಅದರ ಮಧ್ಯೆ ಒಂದನ್ನ ಯಾರು ಕೇಳಿಸ್ಕೊಳ್ತಾರೆ? ಅದಕ್ಕೇ ಕೋಟಿ ಕೋಟಿ ಕಳಿಸಬೇಕು, ಎಲ್ಲಾ ಒಂದೇ ತಾಳಕ್ಕೆ."

"ಹಾಗಾದ್ರೆ ಸಣ್ಣ ಸುಳಿವು ಕೊಟ್ಟು ಉಪಯೋಗ ಇಲ್ಲ ಅನ್ನಿ."

ಮೀಟರ್ ನೋಡುವ ನೆಪದಲ್ಲಿ ಮುಖ ತಿರುಗಿಸಿದೆ. ಕಿವಿ ಬಿಸಿಯಾಗಿತ್ತು.

ಸ್ಟ್ಯಾಂಡು ಸಿದ್ಧವಾಯಿತು. ಆಂಟೆನಾ ಕೂರಿಸಿ ಅಳೆದರೆ, ಮೀಟರಿನ ಪರದೆಯಲ್ಲಿ ನೇರ ಇರಬೇಕಾದ ಗೆರೆ ನಡುಗುತ್ತಿತ್ತು. ಅಲೆ ಹೋಗಿ ಬಂದ ಹೊತ್ತನ್ನು ಲೆಕ್ಕ ಹಾಕಿದೆ. ತಪ್ಪು ಕೆಳಗಿನಿಂದ ಎರಡನೆಯ ಕೀಲಿನಲ್ಲಿತ್ತು, ಅದರೊಳಗೆ ಏನೋ ಲೋಹ ಇತ್ತು. ನಾನು ಬಾಯಿ ಬಿಟ್ಟರೆ ಅವರು ಅರ್ಧ ಗಂಟೆಯಲ್ಲಿ ಸರಿಮಾಡಿ, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋಗುತ್ತಿದ್ದರು. ಆಮೇಲೆ ಇಲ್ಲಿ ಈ ಮುಳ್ಳು, ಮನೆಯಲ್ಲಿ ಫ್ರಿಜ್ಜಿನ ಸದ್ದು. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಾಳೆ. ಯಾರ ಜೊತೆ ಎಂದು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

"ಯಾಕೋ ಗೊತ್ತಾಗ್ತಿಲ್ಲ," ಎಂದೆ. "ನಾಳೆ ಬರ್ತೀರಾ?"

ಬಂದರು. ಮರುದಿನವೂ ಬಂದರು. ಹೀಗೆ ಆರು ದಿನ ಅವರು ಉಜ್ಜಿದ ಕೀಲನ್ನೇ ಉಜ್ಜಿದರು, ನಾನು ನೋಡಿದ ಗೆರೆಯನ್ನೇ ನೋಡಿದೆ. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಕೆಲಸ ಕೆಡಿಸಿರಲಿಲ್ಲ.

ಏಳನೆಯ ಬೆಳಿಗ್ಗೆ ಸಾಹೇಬರು ಕರೆದರು. "ಬಡಗಿಗೆ ಕೆಲಸ ಬರಲ್ಲ ಅಂತ ವರದಿ ಬರೆದುಬಿಡಿ. ಬೇರೆಯವರನ್ನ ಕರೆಸೋಣ."

ನನ್ನ ಸುಳ್ಳಿಗೆ ಅವರ ಹೆಸರು ಕೆಡುವುದರಲ್ಲಿತ್ತು. ಕೋಣೆಗೆ ಓಡಿದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಒಳಗೆ ಅವರು ಮಂಡಿಯೂರಿ ಎರಡನೆಯ ಕೀಲು ಬಿಚ್ಚುತ್ತಿದ್ದರು. ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನಾನೇ ಹಾಕಿದ್ದು ಮೇಡಂ. ಬೇಕೂಂತಲೇ. ನಿಮಗೆ ತೊಂದರೆ ಆಗೋ ಹಾಗಿದ್ರೆ ಸಾಹೇಬರಿಗೆ ನಾನೇ ಹೇಳ್ತೀನಿ."

"ನನಗೆ ಗೊತ್ತಿತ್ತು."

"ಯಾವಾಗಿಂದ?"

"ಅಳೆದ ಮೊದಲನೇ ದಿನದಿಂದ."

ಮುಖವೆತ್ತಿ ನೋಡಿದರು. ಮುಚ್ಚಿಟ್ಟುಕೊಳ್ಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.

"ಮತ್ತೆ ದಿನಾ ಬರೋಕೆ ಹೇಳಿದ್ರಲ್ಲ?"

"ಸಂಜೆ ಇಲ್ಲಿಂದ ಹೋದ್ರೆ ಬೆಳಿಗ್ಗೆವರೆಗೂ ನಾನು ಯಾರ ಹತ್ರಾನೂ ಮಾತಾಡಲ್ಲ," ಎಂದೆ. "ನೀವು ಬರೋದು ನಿಂತ್ರೆ ನನಗೆ ಆಗಲ್ಲ."

ಅವರು ಉಳಿಯನ್ನು ಒರೆಸುತ್ತ ಹೇಳಿದರು. "ಹೆಂಡತಿ ತೀರ್ಕೊಂಡು ಏಳು ವರ್ಷ ಆಯ್ತು. ಇಬ್ಬರಿಗೆ ಅಂತ ಮಾಡಿದ ಮೇಜು, ಒಬ್ಬನೇ ಉಣ್ತೀನಿ. ನಿಮ್ಮ ಪಾಠ ಅರ್ಧ ಅರ್ಥ ಆಗ್ತಿರಲಿಲ್ಲ. ಆದ್ರೂ ಮುಗೀಬಾರದು ಅನ್ನಿಸ್ತಿತ್ತು."

ಸ್ಕ್ರೂವಿನ ಜಾಗಕ್ಕೆ ಮರದ ಗೂಟ ಬಡಿದರು. ಮತ್ತೆ ಅಳೆದೆ, ಗೆರೆ ನೇರ. ಸಾಹೇಬರಿಗೆ ತಪ್ಪು ನನ್ನದೆಂದು ಹೇಳಿ, ಬೈಸಿಕೊಂಡು, ಕೆಲಸ ಸರಿಯಾಗಿದೆ ಎಂದು ವರದಿಗೆ ಸಹಿ ಹಾಕಿ ಬಂದೆ. ಅವರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಕೆಲಸ ಇಲ್ಲದೆ ಬಂದ್ರೆ ಒಳಗೆ ಬಿಡ್ತಾರಾ?"

"ಇಲ್ಲಿ ಬಿಡಲ್ಲ."

"ಮತ್ತೆ ಎಲ್ಲಿ ಬಿಡ್ತಾರೆ?"

ನನ್ನ ಮನೆಗೆ ದಾರಿ ಹೇಳುವ ಪ್ರಸಂಗ ನನಗೆ ಬಂದೇ ಇರಲಿಲ್ಲ. ಬಸ್ ಸ್ಟಾಪಿನಿಂದ ಎಡಕ್ಕೆ ಎಂದೆ. ಅಲ್ಲ, ಬಲಕ್ಕೆ ಎಂದೆ. ಅವರು ನಗು ತಡೆದುಕೊಂಡು ಕೈಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದರು. ಕೊನೆಗೆ ಗಾಬರಿಯಾಗಿ ಅವರ ತೋಳು ಹಿಡಿದುಕೊಂಡೆ.

"ಭಾನುವಾರ ಹತ್ತು ಗಂಟೆಗೆ ಸ್ಟಾಪಿನಲ್ಲಿ ಇಳಿದು ಅಲ್ಲೇ ನಿಂತಿರಿ," ಎಂದೆ. "ನಾನೇ ಬಂದು ಕರ್ಕೊಂಡು ಹೋಗ್ತೀನಿ."