ಕ್ಯಾಮೆರಾ ಡಾಕ್ಟರ್ ಬರೆದ ಚೀಟಿ

ಕ್ಯಾಮೆರಾ ‘ಕ್ಲಿಕ್’ ಎನ್ನಬೇಕಾಗಿತ್ತು. ‘ಕ್ಳುಕ್’ ಎಂದಿತು. ಎಂದು ಮುಚ್ಚಿಕೊಂಡ ಕಣ್ಣನ್ನು ಮತ್ತೆ ತೆರೆಯಲೇ ಇಲ್ಲ.

ಪಾಸ್‌ಪೋರ್ಟ್ ಫೋಟೋಗೆಂದು ಸ್ಟೂಲಿನ ಮೇಲೆ ಕುಳಿತಿದ್ದ ನಿವೃತ್ತ ಗುಮಾಸ್ತರು ಎತ್ತಿದ ಗಲ್ಲ ಇಳಿಸದೆ ಕೇಳಿದರು. “ಆಯ್ತೇನಮ್ಮಾ? ನಗಬಾರದು ಅಂದ್ಯಲ್ಲ, ಇನ್ನೂ ಎಷ್ಟು ಹೊತ್ತು ನಗದೆ ಇರಲಿ?”

“ಇನ್ನೊಂದೇ ನಿಮಿಷ, ಸರ್.”

“ಪರವಾಗಿಲ್ಲ. ಮೂವತ್ತು ವರ್ಷ ಆಫೀಸಲ್ಲಿ ನಗದೇ ಕೂತಿದ್ದೆ. ಅಭ್ಯಾಸ ಇದೆ.”

ಅವಳು ಮತ್ತೆ ಒತ್ತಿದಳು. ಕ್ಯಾಮೆರಾ ಮುನಿಸಿಕೊಂಡ ಮಗುವಿನಂತೆ ತುಟಿ ಬಿಗಿದುಕೊಂಡಿತ್ತು. ಮೂರು ವಾರದಲ್ಲಿ ಇದು ಮೂರನೇ ಸಲ. ಮೊದಲ ಸಲ ಫೋಟೋಗಳೆಲ್ಲ ಅರ್ಧ ಕಪ್ಪಾಗಿ ಬಂದವು. ಗಿರಾಕಿಗಳಿಗೆ ಮೂಗಿನವರೆಗಷ್ಟೇ ಮುಖವಿತ್ತು. ಎರಡನೇ ಸಲ ಒಳಗೆ ಯಾರೋ ಹಲ್ಲು ಕಡಿದಂತೆ ‘ಕರ್‍ರ್’ ಎಂದು ನಿಂತಿತು. ಈಗ ಇದು.

ಪರದೆಯಾಚೆಯಿಂದ ಅಕ್ಕ ಇಣುಕಿದಳು. ಮಳಿಗೆ ಒಂದೇ, ಕಸುಬು ಎರಡು. ಮುಂದೆ ಅಕ್ಕನ ಹೊಲಿಗೆ, ಹಿಂದೆ ತಂಗಿಯ ಸ್ಟುಡಿಯೋ. ತಂಗಿಯ ಸಿಟ್ಟು ಫಳ್ಳನೆ ಹೊತ್ತಿ ಫಳ್ಳನೆ ಆರುವಂಥದ್ದು. ಹಾಗಾಗಿ ಅಕ್ಕ ಇಟ್ಟ ಹೆಸರು ಫ್ಲ್ಯಾಶು.

“ಏನೇ ಫ್ಲ್ಯಾಶೂ, ಮತ್ತೆ ಕೈ ಕೊಡ್ತಾ?”

“ಕೊಡ್ತು.”

“ಅದು ನಿನಗೆ ಕೈ ಕೊಡುತ್ತೆ, ನೀನು ಅದನ್ನ ಡಾಕ್ಟರ್ ಕೈಗೆ ಕೊಡ್ತೀಯ. ಈ ಕೊಡೋ ತಗೊಳೋ ವ್ಯವಹಾರ ಎಲ್ಲಿಗೆ ಮುಟ್ಟುತ್ತೋ ನೋಡ್ತೀನಿ.”

ಡಾಕ್ಟರ್ ಎಂದರೆ ಎರಡು ಬೀದಿಯಾಚೆ ಮಹಡಿಯ ಮೇಲೆ ಕೂರುವ ಕ್ಯಾಮೆರಾ ರಿಪೇರಿಯವನು. ಕ್ಯಾಮೆರಾವನ್ನು ಕಿವಿಗೆ ಹಚ್ಚಿ ಎದೆಬಡಿತ ಕೇಳುವವನಂತೆ ಕೇಳುತ್ತಾನಾದ್ದರಿಂದ ಬೀದಿಗೆಲ್ಲ ಅವನು ಡಾಕ್ಟರ್. ಹೊಸ ಕ್ಯಾಮೆರಾ ಕೊಳ್ಳುವಂತೆಯೂ ಇರಲಿಲ್ಲ. ಅವಳಲ್ಲಿದ್ದ ಲೆನ್ಸುಗಳೆಲ್ಲ ಈ ಹಳೇ ಮೈಗೇ ಒಗ್ಗಿದವು. ಅದೂ ಅಲ್ಲದೆ ಸೋಮವಾರ ಶಾಲೆಯ ಮಕ್ಕಳೆಲ್ಲರ ಗುರುತಿನ ಚೀಟಿಯ ಫೋಟೋ ತೆಗೆಯಬೇಕು. “ಒಂದೇ ದಿನದಲ್ಲಿ ಮುಗೀಬೇಕು, ಮಧ್ಯೆ ಕ್ಯಾಮೆರಾ ನಿಲ್ತು ಗಿಲ್ತು ಅಂದ್ರೆ ಬೇರೆ ಸ್ಟುಡಿಯೋದವರನ್ನ ಕರೀತೀನಿ” ಎಂದು ಹೆಡ್‌ಮಿಸ್ ಮೊದಲೇ ಹೇಳಿದ್ದರು. ಆ ಕೆಲಸ ತಪ್ಪಿದರೆ ಪರದೆಯ ಹಿಂದಿನ ಸ್ಟುಡಿಯೋ ಹೋಗಿ ಅಲ್ಲಿ ಅಕ್ಕನ ಎರಡನೇ ಮೆಷಿನ್ ಬರುತ್ತದೆ. ಅಕ್ಕ ಆಗಲೇ ಕಣ್ಣಿನಲ್ಲೇ ಜಾಗ ಅಳೆಯುತ್ತಿದ್ದಳು.

ಅಂದೇ, ಗುರುವಾರ ಮಧ್ಯಾಹ್ನವೇ, ಅವಳು ಮಹಡಿ ಹತ್ತಿದಳು.

ಅವನು ತಲೆ ಎತ್ತಿದ. ಅವಳನ್ನು ಕಂಡ, ಕ್ಯಾಮೆರಾ ಕಂಡ. ಮುಖದಲ್ಲಿ ಮೂಡಿದ ಬೆಳಕು ಎರಡರಲ್ಲಿ ಯಾವುದಕ್ಕೆ ಎಂದು ತಿಳಿಯುವಷ್ಟರಲ್ಲಿ ಮೇಜಿನ ದೀಪದತ್ತ ತಿರುಗಿಬಿಟ್ಟ.

“ಹೇಗೆ ಸದ್ದು ಮಾಡ್ತು?”

“ಕೆಟ್ಟದಾಗಿ.”

“ಹಾಗಂದ್ರೆ ಗೊತ್ತಾಗಲ್ಲ. ಮಾಡಿ ತೋರಿಸಿ.”

ಇದೇ ಅವನ ಪದ್ಧತಿ. ಬಂದವರೆಲ್ಲ ಬಾಯಲ್ಲೇ ಕಾಯಿಲೆ ಹೇಳಬೇಕು. ಅವಳು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡಳು. “ಕ್ಳುಕ್.”

“ಇನ್ನೊಂದ್ಸಲ?”

“ಕ್ಳುಕ್.”

“ಕೊನೇಲಿ ಸ್ವಲ್ಪ ಎಳೀತಾ? ಕ್ಳೂ... ಕ್?” ಅವನ ಬಾಯಿಂದ ಬಂದದ್ದು ಅಚ್ಚು ಅವಳ ಕ್ಯಾಮೆರಾದ್ದೇ ಸ್ವರ.

“ಹ್ಞಾಂ, ಅದೇ ಅದೇ!” ಎಂದಳು. ಎಂದ ಮೇಲೆ ಅನುಮಾನ ಬಂತು. ಇಷ್ಟು ಚೆನ್ನಾಗಿ ಗೊತ್ತಿದ್ದವನು ತನ್ನಿಂದ ಎರಡೆರಡು ಸಲ ಮಾಡಿಸಿದ್ದು ಯಾಕೆ? ಅವನ ತುಟಿಯ ಬಲಗಡೆ ತುದಿಯಲ್ಲಿ ನಗುವೊಂದು ಅಡಗಿ ಕುಳಿತಂತಿತ್ತು.

ಒಂದು ಗಂಟೆ ಅವನ ಬೆರಳುಗಳನ್ನು ನೋಡುತ್ತ ಕುಳಿತಳು. ಕಾಳು ಹೆಕ್ಕುವ ಗುಬ್ಬಿಯಷ್ಟು ಹಗುರ. ಅನುಮಾನ ಬಂದವಳು ಬೆರಳು ನೋಡುತ್ತ ಕೂರಬಾರದು ಎಂದು ಹೊಳೆದಾಗ ಕ್ಯಾಮೆರಾ ಕೈಗೆ ಬಂದಿತ್ತು.

“ಸದ್ಯಕ್ಕೆ ನಡೆಯುತ್ತೆ,” ಎಂದ ಅವನು.

“ನಿಮ್ಮ ‘ಸದ್ಯ’ ಸೋಮವಾರದವರೆಗೆ ಬಾಳುತ್ತಾ? ಶಾಲೆ ಕೆಲಸ ಇದೆ. ಹೋದ ವಾರಾನೇ ಹೇಳಿದ್ದೆ.”

“ನೋಡೋಣ,” ಎಂದವನು ಅವಳನ್ನು ನೋಡಲಿಲ್ಲ.

ಮರುದಿನ ಅಕ್ಕ ಕತ್ತರಿ ಆಡಿಸುತ್ತ ತನಿಖೆಗೆ ಕೂತಳು. “ನಾನೂ ರಿಪೇರಿ ಕೆಲಸದವಳೇ ಕಣೇ. ಒಂದು ಹೊಲಿಗೆ ಸಡಿಲ ಬಿಟ್ರೆ ಗಿರಾಕಿ ಹದಿನೈದು ದಿನಕ್ಕೆ ತಾನಾಗೇ ವಾಪಸ್. ಇವನೂ ಎಲ್ಲೋ ಒಂದು ಹೊಲಿಗೆ ಸಡಿಲ ಬಿಡ್ತಾ ಇದಾನೆ.”

“ನೀನು ಹಾಗೆ ಮಾಡ್ತೀಯಾ?”

“ನನ್ನ ವಿಷಯ ಈಗ ಬಂದಿಲ್ಲ.” ಅಕ್ಕ ಧ್ವನಿ ತಗ್ಗಿಸಿ, ಕುತ್ತಿಗೆ ವಾಲಿಸಿ, ಥೇಟ್ ಅವನೇ ಆದಳು. “‘ಸದ್ಯಕ್ಕೆ ನಡೆಯುತ್ತೆ. ನೋಡೋಣ.’ ಏನು ನೋಡೋಣ? ನಿನ್ನನ್ನ ನೋಡೋಣ ಅಂತ!”

ತಂಗಿಗೆ ನಗು ಬಂತು. ನಗುವಿನ ಹಿಂದೆಯೇ ಉರಿಯೂ ಬಂತು. ತನ್ನನ್ನು ನೋಡುವ ಆಸೆಗೆ ತನ್ನ ಹೊಟ್ಟೆಪಾಡನ್ನು ಕೆಡಿಸುವವನಾದರೆ, ಅವನ ಬೆರಳು ಎಷ್ಟು ಹಗುರವಾಗಿದ್ದರೇನು? ಅವನು ಅಂಥವನಲ್ಲ ಎನ್ನಿಸುತ್ತಿತ್ತು; ಹಾಗನ್ನಿಸುವುದರ ಮೇಲೇ ಅವಳಿಗೆ ನಂಬಿಕೆಯಿರಲಿಲ್ಲ. ಪರೀಕ್ಷೆ ಮಾಡಿಯೇಬಿಡುವುದೆಂದು ನಿಶ್ಚಯಿಸಿದಳು.

ಶನಿವಾರ ಬೆಳಿಗ್ಗೆ, ಯಾವ ತೊಂದರೆಯೂ ಇಲ್ಲದೆ ಓಡುತ್ತಿದ್ದ ಕ್ಯಾಮೆರಾ ಹಿಡಿದು ಮಹಡಿ ಹತ್ತಿದಳು. ಸದ್ದನ್ನು ಮಳಿಗೆಯಿಂದಲೇ ಕಲಿತು ತಂದಿದ್ದಳು. ಅವನು ‘ಅಯ್ಯೋ, ದೊಡ್ಡ ಕಾಯಿಲೆ’ ಎಂದನೋ, ಮುಗಿಯಿತು, ಕಳ್ಳ ಸಿಕ್ಕಿಬಿದ್ದಂತೆ.

“ಇವತ್ತೇನು ಸದ್ದು?”

“ಟರ್‍ರ್... ಟಿಕಿಟಿಕಿ... ಕಡಕ್!”

ಅವನು ಕಣ್ಣು ಮುಚ್ಚಿ ಕೇಳಿದ. “ಕಡಕ್ ಆದ್ಮೇಲೆ ಚಕ್ರ ಹಿಂದಕ್ಕೆ ತಿರುಗುತ್ತಾ?”

“ತಿ... ತಿರುಗುತ್ತೆ.”

“ಬಾಬಿನ್‌ನಲ್ಲಿ ದಾರ ಸಿಕ್ಕಿಕೊಂಡಿದೆ. ಅಕ್ಕನಿಗೆ ಒಂದು ತೊಟ್ಟು ಎಣ್ಣೆ ಬಿಡೋಕೆ ಹೇಳಿ.”

ಅವಳ ಕೆನ್ನೆಗೆ ಕೆಂಪು ಏರಿತು.

“ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ರಾ?”

ಅವಳು ಸೀಲಿಂಗ್ ಫ್ಯಾನ್ ನೋಡಿದಳು.

“ಪಾಸಾದ್ನಾ?”

“ಜಸ್ಟ್ ಪಾಸು,” ಎಂದಳು. ಇಬ್ಬರೂ ನಕ್ಕರು. ಅನುಮಾನ ಅರ್ಧ ಮೆಟ್ಟಿಲು ಇಳಿದುಹೋಗಿತ್ತು. ಅಷ್ಟರಲ್ಲಿ ಅವನು ಮೇಜಿನ ಮೇಲಿದ್ದ ಪುಟ್ಟ ಲಕೋಟೆಯೊಂದನ್ನು ಅಂಗೈಯಿಂದ ಮುಚ್ಚಿ, “ಕ್ಯಾಮೆರಾ ಮಾತ್ರ ಇಟ್ಟು ಹೋಗಿ,” ಎಂದ.

“ಚೆನ್ನಾಗಿದೆಯಲ್ಲ?”

“ಚೆನ್ನಾಗಿದೆ. ಆದ್ರೂ ಇಟ್ಟು ಹೋಗಿ. ಸಂಜೆ ಕೊಡ್ತೀನಿ.”

ಕೇಳಬೇಕಿತ್ತು. ಆಗಷ್ಟೇ ಪರೀಕ್ಷೆ ಮಾಡಿ ಸಿಕ್ಕಿಬಿದ್ದವಳಿಗೆ ಮತ್ತೆ ಪ್ರಶ್ನೆ ಕೇಳಲು ಮುಖವಿರಲಿಲ್ಲ. ಇಟ್ಟು, ಬರಿದಾದ ಬ್ಯಾಗ್ ಹೆಗಲಿಗೇರಿಸಿ ಬಂದಳು.

ಮಧ್ಯಾಹ್ನ ಅಕ್ಕ ಬ್ಯಾಟರಿ ಚಾರ್ಜಿಗೆ ಹಾಕುತ್ತೇನೆಂದು ಆ ಬ್ಯಾಗಿನ ಒಳಜೇಬಿಗೆ ಕೈ ಹಾಕಿದಳು. ಬ್ಯಾಟರಿಯ ಜೊತೆ ದಾರ ಕಟ್ಟಿದ ಚೀಟಿಯೊಂದು ಬಂತು. ರಿಪೇರಿಗೆ ಬಂದ ಪ್ರತಿ ಕ್ಯಾಮೆರಾಕ್ಕೂ ಅವನು ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿ ತನ್ನ ಬಳಿಯೇ ಇಟ್ಟುಕೊಳ್ಳುವಂಥದ್ದು. ಗುರುವಾರ ಮರೆತು ಬ್ಯಾಗಿಗೇ ಸೇರಿಸಿದ್ದನೇನೋ. ಅಕ್ಕ ಅವನದೇ ಧ್ವನಿಯಲ್ಲಿ ಓದಿದಳು.

“‘ಬರಬೇಕು. ಅಲ್ಲಿಯ ತನಕ ಮೇಲ್ಮೇಲೆ ಸರಿ ಮಾಡಿ ಕಳಿಸುವುದು.’” ಆಮೇಲೆ ಅಕ್ಕನ ಸ್ವಂತ ಧ್ವನಿ ಬಂತು, ನಗುವಿಲ್ಲದೆ. “ಫ್ಲ್ಯಾಶೂ, ಇದನ್ನ ನೋಡೇ.”

ಅವಳು ಓದಿದಳು. ಬರಬೇಕು. ತಾನು ಬರಬೇಕು, ಬರುತ್ತಲೇ ಇರಬೇಕು. ಅದಕ್ಕೇ ಮೇಲ್ಮೇಲೆ ಸರಿ. ಹೊಲಿಗೆ ಮೆಷಿನ್ ಸದ್ದು ಹಿಡಿದ ಜಾಣ, ತಾನು ಮಾತ್ರ ಅಕ್ಷರದಲ್ಲಿ ಸಿಕ್ಕಿಬಿದ್ದಿದ್ದ. ಮತ್ತು ಚೆನ್ನಾಗಿದ್ದ ಕ್ಯಾಮೆರಾವನ್ನು ಅವಳೇ ಕೈಯಾರೆ ಅವನ ಮೇಜಿನ ಮೇಲೆ ಇಟ್ಟು ಬಂದಿದ್ದಳು!

ಎರಡು ಬೀದಿಯನ್ನು ಅವಳು ಹೇಗೆ ದಾಟಿದಳೋ. ಬಾಗಿಲು ತಳ್ಳಿದರೆ ಕಂಡದ್ದು ಇದು: ಬಿಳಿ ಬಟ್ಟೆಯ ಮೇಲೆ ಅವಳ ಕ್ಯಾಮೆರಾ ಅರವತ್ತು ತುಂಡಾಗಿ ಹರಡಿಕೊಂಡಿತ್ತು.

“ಏನಿದು?” ಫ್ಲ್ಯಾಶ್ ಹೊತ್ತಿಕೊಂಡಿತು. “ಓಡ್ತಿದ್ದ ಕ್ಯಾಮೆರಾನ ಬಿಚ್ಚಿ ಹಾಕಿದ್ದೀರಾ? ನಾಳಿದ್ದು ಶಾಲೆ ಇಟ್ಕೊಂಡು?”

“ಸ್ವಲ್ಪ ದೂರ ನಿಂತು ಬೈತೀರಾ? ಸ್ಕ್ರೂ ಹಾರಿ ಹೋಗುತ್ತೆ.”

ಅವಳು ಚೀಟಿಯನ್ನು ಅವನ ಮೂಗಿನ ಮುಂದೆ ಹಿಡಿದಳು. “ಯಾರು ಬರಬೇಕು?”

ಅವನು ಚೀಟಿ ನೋಡಿದ. ಮುಖದ ಬಣ್ಣ ಇಳಿಯಿತು. “ಹಲ್ಲು,” ಎಂದ.

“ಏನು?”

ಇಕ್ಕಳದ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ಚಕ್ರ ಎತ್ತಿ ದೀಪಕ್ಕೆ ಹಿಡಿದ. ಅದರ ಅಂಚಿನಲ್ಲೊಂದು ಹಲ್ಲು ಮುರಿದಿತ್ತು. “ಮೂರೂ ಕಾಯಿಲೆಗೆ ಇದೇ ಮೂಲ. ಜಾರಿದಾಗೆಲ್ಲ ಬೇರೆ ಬೇರೆ ತರ ತೊಂದರೆ ಕೊಡುತ್ತೆ. ಕಂಪನಿಯವರು ಇದನ್ನ ಮಾಡೋದೇ ನಿಲ್ಲಿಸಿದ್ದಾರೆ. ಸತ್ತ ಕ್ಯಾಮೆರಾಗಳಿಂದ ಕಿತ್ತು ಕಳಿಸಿ ಅಂತ ನಾಲ್ಕು ಊರಿಗೆ ಬರೆದಿದ್ದೆ. ಹೊಸ ಹಲ್ಲು ಬರಬೇಕು. ಬರೋ ತನಕ ಮೇಲ್ಮೇಲೆ. ಇವತ್ತು ಬೆಳಿಗ್ಗೆ ಕೊರಿಯರ್‌ನಲ್ಲಿ ಬಂತು.” ಆ ಲಕೋಟೆ ತೋರಿಸಿದ. ಅದರೊಳಗೆ ಪೂರ್ತಿ ಹಲ್ಲಿನ ಇನ್ನೊಂದು ಚಕ್ರ ಮಿನುಗಿತು.

“ಮೊದಲೇ ಯಾಕೆ ಹೇಳ್ಲಿಲ್ಲ?”

“ಸಿಗೋದು ಕಷ್ಟ ಅಂದ್ರೆ ಬೇರೆ ಕಡೆ ಹೋಗ್ತೀರಿ ಅಂತ... ಹೆದರಿಕೆ. ತಪ್ಪೇ. ಒಪ್ಕೋತೀನಿ.”

ಸಿಟ್ಟು ಆರತೊಡಗಿತು. ಕ್ಷಮೆ ಕೇಳಬೇಕಾದ್ದು ತಾನೇ ಏನೋ ಎಂದು ಚಡಪಡಿಸುತ್ತ ಬೆರಳಿನಲ್ಲಿ ಚೀಟಿ ಹೊರಳಿಸಿದಳು. ಹಿಂಬದಿಯಲ್ಲೂ ಬರಹವಿತ್ತು. ಪೆನ್ಸಿಲ್ಲಿನಲ್ಲಿ, ಬಲು ಸಣ್ಣಗೆ.

‘ಸೋಮವಾರ ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ಬರಬಹುದು ಅಂದುಕೊಂಡೆ, ಬರಲಿಲ್ಲ. ಗುರುವಾರ ಬಂದರು.’

ಕನ್ನಡದಲ್ಲಿ ಗುಟ್ಟು ಮಾಡುವವರಿಗೆ ‘ಬರಬೇಕು’, ‘ಬರಬಹುದು’, ‘ಬರಲಿಲ್ಲ’ಗಳಷ್ಟು ಅನುಕೂಲದ ಮಾತು ಬೇರಿಲ್ಲ, ಯಾರು, ಏನು ಎಂದು ಬಾಯಿ ಬಿಡುವುದೇ ಇಲ್ಲ. ಆದರೆ ಬಂದ ಮೇಲೆ ಎಂಥ ಗುಟ್ಟೂ ನಿಲ್ಲುವುದಿಲ್ಲ.

“ಹಲ್ಲು ಇವತ್ತು ಬೆಳಿಗ್ಗೆ ತಾನೇ ಬಂದಿದ್ದು?” ಎಂದಳು, ತನಿಖಾಧಿಕಾರಿಯ ನಿಧಾನದಲ್ಲಿ.

“ಹೌದು. ಬಂತು.”

“ಬಂತು. ಮತ್ತೆ ಇಲ್ಲಿ ‘ಗುರುವಾರ ಬಂದರು’ ಅಂತಿದೆ. ಹಲ್ಲಿಗೆ ಯಾವಾಗಿಂದ ಇಷ್ಟು ಮರ್ಯಾದೆ?”

ಅವನ ಕಿವಿ ಕೆಂಪಾಯಿತು. “ಹಲ್ಲು ಅಂದ್ಮೇಲೆ... ಬಹುವಚನ ಅಲ್ವಾ? ಮೂವತ್ತೆರಡು ಇರುತ್ತೆ.”

“ಆಗ್ಲೂ ‘ಬಂದವು’. ‘ಬಂದರು’ ಅಲ್ಲ.”

“ಕೊರಿಯರ್‌ನವರು...”

“ಗುರುವಾರ ಈ ಮೆಟ್ಟಿಲು ಹತ್ತಿದ್ದು ನಾನು.”

ಅವನು ಇಕ್ಕಳ ಕೆಳಗಿಟ್ಟ. ಕೈಗೆ ಬೇರೆ ಕೆಲಸವಿಲ್ಲದೆ ಅಂಗೈ ನೋಡಿಕೊಂಡ. “ಹಲ್ಲು ಬರಲಿ ಅಂತಾನೇ ಬರೆಯೋಕೆ ಶುರು ಮಾಡಿದ್ದು. ಎರಡನೇ ವಾರದ ಹೊತ್ತಿಗೆ, ಮೆಟ್ಟಿಲ ಮೇಲೆ ಸದ್ದಾದ್ರೆ ಕೊರಿಯರ್ ಆಗದೆ ಇರಲಿ ಅನ್ನಿಸ್ತಿತ್ತು. ರಿಪೇರಿಯವನಿಗೆ ಅದು ಒಳ್ಳೆ ಲಕ್ಷಣ ಅಲ್ಲ.”

ಅವಳಿಗೆ ಎದೆಯೊಳಗೇ ಏನೋ ಜಾರಿದಂತಾಯಿತು. ಆದರೂ ಕೇಳಲೇಬೇಕಿದ್ದುದನ್ನು ಕೇಳಿದಳು. “ಇವತ್ತು ಲಕೋಟೆ ಬಂದಿದ್ದನ್ನ ನನಗೆ ಹೇಳಲಿಲ್ಲ. ಯಾಕೆ? ನಿಜ ಹೇಳಿ.”

“ನಿಜ ಹೇಳಿದ್ರೆ ನೀವು ಮತ್ತೆ ಬರಲ್ಲ.”

“ಸುಳ್ಳು ಹೇಳಿದ್ರೂ ಬರಲ್ಲ.”

ಅವನು ಉಸಿರು ಬಿಟ್ಟ. “ಲಕೋಟೆ ಒಡೆದು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಇದನ್ನ ಹಾಕಿದ್ರೆ ಕ್ಯಾಮೆರಾ ಇನ್ನು ಕೆಡಲ್ಲ. ಡ್ರಾಯರ್‌ನಲ್ಲಿ ಇಟ್ಟುಬಿಡ್ಲಾ ಅಂತ ಯೋಚನೆ ಬಂತು. ಬಂದಿದ್ದು ನಿಜ. ಅಷ್ಟರಲ್ಲಿ ನೀವು ಬಂದು, ಅಷ್ಟು ಕಷ್ಟಪಟ್ಟು, ಮುಖವೆಲ್ಲಾ ಕಿವುಚಿಕೊಂಡು ಹೊಲಿಗೆ ಮೆಷಿನ್ ಆದ್ರಿ. ಇವರಿಗೆ ನನ್ನ ಮೇಲೆ ಇಷ್ಟು ಅನುಮಾನ ಇದೆ, ನಾನು ಅದಕ್ಕೆ ಲಾಯಕ್ಕಾಗೋ ಹಾಗೇ ಇದೀನಲ್ಲ ಅಂತ ನಾಚಿಕೆ ಆಯ್ತು. ಅದಕ್ಕೇ ಇಟ್ಟು ಹೋಗಿ ಅಂದೆ.”

ಇಷ್ಟು ದಿನ ಅವಳು ಹುಡುಕುತ್ತಿದ್ದ ಕಳ್ಳ ಕೊನೆಗೂ ತಪ್ಪೊಪ್ಪಿಕೊಂಡಿದ್ದ. ಅದೂ ಮಾಡದ ಕಳ್ಳತನವನ್ನು. ಇವನನ್ನು ಏನೆಂದು ಹಿಡಿಯುವುದು?

“ಆ ದೀಪ ಸ್ವಲ್ಪ ಈ ಕಡೆ ಹಿಡೀತೀರಾ?” ಅವನು ಮೆಲ್ಲಗೆ ಕೇಳಿದ. “ಸಂಜೆಯೊಳಗೆ ಮುಗಿಸ್ತೀನಿ.”

ಹಿಡಿದಳು. ಅರವತ್ತು ತುಂಡುಗಳು ಒಂದೊಂದಾಗಿ ತಮ್ಮ ತಮ್ಮ ಮನೆ ಸೇರಿದವು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುವಷ್ಟು ಹತ್ತಿರವಿತ್ತು. ದೀಪ ಎರಡು ಸಲ ಅಲುಗಿತು. ಅವನು ಎರಡು ಸಲವೂ ‘ಅಲುಗಿಸಬೇಡಿ’ ಎನ್ನಲಿಲ್ಲ. ಕೊನೆಯ ಸ್ಕ್ರೂ ಬಿಗಿದು, ಕಿಟಕಿಯತ್ತ ಹಿಡಿದು ನೂರು ಸಲ ಒತ್ತಿದ. ನೂರು ಸಲವೂ ಒಂದೇ ಸ್ವರ.

“ಇನ್ನು ಕೆಡಲ್ಲ,” ಎಂದು ಕೊಟ್ಟ. ತನ್ನದೇನನ್ನೋ ಕೊಟ್ಟುಬಿಡುವವನಂತೆ ಕೊಟ್ಟ.

ಅವಳು ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬಾಗಿಲವರೆಗೆ ಹೋದಳು. ನಿಂತಳು.

“ಸೋಮವಾರ ಎಂಟು ಗಂಟೆಗೆ ಶಾಲೆ ಗೇಟಿನ ಹತ್ರ ಇರಿ.”

“ಕೆಡಲ್ಲ ಅಂದೆನಲ್ಲ. ಇನ್ನೂ ಅನುಮಾನಾನಾ?”

“ಕ್ಯಾಮೆರಾ ಮೇಲಿಲ್ಲ.”

“ಮತ್ತೆ?”

“ಅಷ್ಟೊಂದು ಮಕ್ಕಳನ್ನ ಸಾಲಲ್ಲಿ ನಿಲ್ಲಿಸೋಕೆ ಒಬ್ಬರು ಬೇಕು. ನಗಿಸೋಕೆ ಸದ್ದು ಗಿದ್ದು ಮಾಡೋರಾದ್ರೆ ಒಳ್ಳೇದು.”

ಅವನ ತುಟಿಯ ತುದಿಯ ನಗು ಈ ಸಲ ಅಡಗಲಿಲ್ಲ. ಮುಖದ ತುಂಬ ಹರಡಿತು. “ಅಲ್ಲ, ಯಾರಿವರು ಅಂತ ಹೆಡ್‌ಮಿಸ್ ಕೇಳಿದ್ರೆ?”

“ನಮ್ಮವರು ಅಂತೀನಿ,” ಎಂದು ಸರಸರ ಮೆಟ್ಟಿಲಿಳಿದಳು.

ಹೆಂಗಸರು ಆ ಮಾತನ್ನು ಸಾಮಾನ್ಯವಾಗಿ ಯಾರಿಗೆ ಹೇಳುತ್ತಾರೆಂಬುದು ಮೂರನೇ ಮೆಟ್ಟಿಲಿನಲ್ಲಿ ಹೊಳೆಯಿತು. ಸ್ಟುಡಿಯೋಗೆ ಸೇರಿದವರು ಎಂದು ತಿದ್ದಿಬಿಡೋಣವೆಂದು ತಿರುಗಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ, ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ ಸಿಕ್ಕಿಸಲು ಹೋಗಿ, ಜೇಬೇ ಸಿಗದೆ ತಡಕಾಡುತ್ತಿದ್ದ.

ಅವಳು ತಿದ್ದಲಿಲ್ಲ.