ಎರಡು ಚಮಚ ಅಣಬೆ ಸಕ್ಕರೆ

ಬಾಟಲಿಯ ಮೇಲೆ ದುಂಡು ಅಕ್ಷರದಲ್ಲಿ ‘ಸಕ್ಕರೆ’ ಎಂದೇ ಬರೆದಿತ್ತು. ಹಾಗಾಗಿ ಪಾಪಮ್ಮನದು ತಪ್ಪೆನ್ನುವಂತಿಲ್ಲ.

ಕಾಮಾಕ್ಷಿಪಾಳ್ಯದ ಅವಳ ಮನೆಯ ಟೆರೇಸಿನ ಶೆಡ್ಡಿನಲ್ಲಿ ಮಗ ಯಶ್ವಂತ್ ಅಣಬೆ ಬೆಳೆಯುತ್ತಿದ್ದ. ಸಂಶೋಧನೆ ಮಾಡುವ ಸಿಂಚನಾ ಮಹಾಲಕ್ಷ್ಮಿ ಲೇಔಟಿನಿಂದ ಪ್ರತಿ ಮಂಗಳವಾರ ಬಂದು ಎರಡು ಕೆಜಿ ಒಯ್ಯುತ್ತಿದ್ದಳು. ಅವನು ಶೇವ್ ಮಾಡುವುದು ಮಂಗಳವಾರ ಮಾತ್ರ ಎಂದು ಇಡೀ ಬೀದಿಗೆ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಇವತ್ತು ಅವಳು ಬಿಳಿ ಪುಡಿಯ ಬಾಟಲಿ ತಂದಿದ್ದಳು.

“ನಿಮ್ಮ ಅಣಬೆಯಿಂದಾನೇ ತೆಗೆದ ಸಕ್ಕರೆ. ಮೈಯಲ್ಲಿ ಊತ, ಉರಿ ಇಳಿಸಬಹುದಾ ಅಂತ ನೋಡ್ತಾ ಇದೀವಿ. ಸದ್ಯಕ್ಕೆ ಗಾಜಿನ ತಟ್ಟೇಲಿರೋ ಸೆಲ್‌ಗಳ ಮೇಲೆ ಕೆಲಸ ಮಾಡಿದೆ. ನಿಮಗೊಂದು ಬಾಟ್ಲಿ, ನೆನಪಿಗೆ.”

“ನೆನಪಿಗೆ ಅಂದ್ರೆ... ಕೆಲಸ ಮುಗೀತಾ?”

“ಹೂಂ.” ಅವಳು ನೆಲ ನೋಡಿದಳು.

ಇನ್ನು ಯಶ್ವಂತನಿಗೆ ಮಂಗಳವಾರವೆಂದರೆ ಬರೀ ಸೋಮವಾರದ ಮಾರನೇ ದಿನ. ಹೇಳುವುದಿದ್ದರೆ ಇವತ್ತೇ ಹೇಳಬೇಕು.

“ಮೇಡಂ, ಗುಡುಗಿದ್ರೆ ಅಣಬೆ ಏಳುತ್ತೆ. ನೀವು ನಕ್ಕರೆ ಈ ಯಶ್ವಂತ್ ಬೀಳ್—”

“ಕಾಫಿ!” ಬಾಟಲಿಯನ್ನು ಆಗಲೇ ಅಡುಗೆಮನೆಗೆ ಸಾಗಿಸಿದ್ದ ಪಾಪಮ್ಮ ಎರಡು ಲೋಟ ಹಿಡಿದು ಬಂದಳು.

ಅವನು ಒಂದು ಗುಟುಕು ಹೀರಿದ. ಲೋಳೆ ಲೋಳೆ ಗಂಜಿ. “ಸಿಹಿಯ ಸುಳಿವೇ ಇಲ್ಲ ಕಣಮ್ಮಾ!”

“ಎಂಥ ಸಕ್ಕರೆನವ್ವಾ ನಿಂದು? ನಮ್ಮದು ಮುಗ್ದಿತ್ತು ಅಂತ ಎರಡೆರಡು ಚಮಚ ಹಾಕ್ದೆ, ಆದ್ರೂ ಸಪ್ಪೆ!” ಪಾಪಮ್ಮ ಸಿಂಚನಾಳತ್ತ ತಿರುಗಿದಳು.

ಸಿಂಚನಾ ಹೌಹಾರಿದಳು. “ಅಯ್ಯೋ ಆಂಟಿ! ಅದು ಸಿಹಿ ಸಕ್ಕರೆ ಅಲ್ಲ, ಇನ್ನೂ ಇಲಿಗೂ ಕೊಟ್ಟಿಲ್ಲ!”

“ನೋಡಮ್ಮಾ, ಇಲಿಗಿಂತ ಮುಂಚೆ ನಿನ್ನ ಮಗಂದೇ ಎಂಟ್ರಿ!” ಯಶ್ವಂತ್ ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದ.

“ಏನಾಗ್ತಿದೆ? ನಿಜ ಹೇಳಿ!”

“ನಿಮ್ಮ ಪುಡಿ ಫೇಲ್ ಮೇಡಂ. ಮೂರು ತಿಂಗಳಿಂದ ಪ್ರತಿ ಮಂಗಳವಾರ ಈ ಎದೆ ಉಬ್ಬುತ್ತೆ. ಒಂಚೂರೂ ಇಳೀತಿಲ್ಲ.”

ಅವಳು ದುರುಗುಟ್ಟಿದಳು. ಆಮೇಲೆ ತುಟಿಯ ಒಂದು ಮೂಲೆ ಮಾತು ಕೇಳದೆ ನಕ್ಕುಬಿಟ್ಟಿತು. ಪಾಪಮ್ಮನಿಗೆ ತಟ್ಟನೆ ಒಲೆಯ ಮೇಲಿನ ಹಾಲು ನೆನಪಾಯಿತು, ಒಳಗೆ ಹೋದಳು.

“ಪ್ರಯೋಗಕ್ಕೆ ಬೇಕಾದಷ್ಟು ಅಣಬೆ ಎರಡು ತಿಂಗಳ ಹಿಂದೆನೇ ಆಗಿತ್ತು ಕಣ್ರೀ,” ಎಂದಳು ಸಿಂಚನಾ.

“ಮತ್ತೆ ವಾರಾ ವಾರಾ ಎರಡು ಕೆಜಿ? ಮನೇಲಿ ತಿಂತೀರಾ?”

“ನಮ್ಮನೇಲಿ ಅಣಬೆ ಮುಟ್ಟಲ್ಲ. ಎದುರು ಮನೆ ಪುರುಷೋತ್ತಮ ಅಂಕಲ್‌ಗೆ ಕೊಡ್ತಿದ್ದೆ. ಈಗ ನನ್ನ ಕಂಡ್ರೆ ಅವರು ಬಾಗಿಲು ಹಾಕ್ಕೋತಾರೆ.”

ಯಶ್ವಂತ್ ಕುರ್ಚಿಯಿಂದ ಎದ್ದು ನಿಂತ.

“ಮುಂದಿನ ಮಂಗಳವಾರ?” ಎಂದ, ಮೆಲ್ಲಗೆ.

“ಬರ್ತೀನಿ. ಅಣಬೆ ಬೇಡ.” ಅವಳು ಲೋಟವನ್ನು ಅವನ ಕೈಗಿಟ್ಟಳು. “ನಿಜವಾದ ಸಕ್ಕರೆ ತಂದಿಡು, ಸಾಕು.”

“ಅಮ್ಮಾ! ‘ಇಡಿ’ ಅನ್ಲಿಲ್ಲ, ‘ಇಡು’ ಅಂದ್ಲು!”

“ಕೇಳಿಸ್ತು ಕಣೋ,” ಅಡುಗೆಮನೆ ಗುಡುಗಿತು. “ಹೋಗಿ ಸಕ್ಕರೆ ತಗೊಂಬಾ!”