ಕುರ್ಚಿಗೆ ಬಾರದ ಯಂತ್ರ

ಫೋನು ಸಿಕ್ಕಿದ್ದು ಎಲ್ಲರಿಗೂ ಒಂದೇ ಇದ್ದ ಶೌಚಾಲಯದ ನೀರಿನ ಟ್ಯಾಂಕಿನ ಹಿಂದೆ, ಪ್ಲಾಸ್ಟಿಕ್ ಚೀಲದೊಳಗೆ. ಪರದೆಯ ಮೇಲೆ ಚೆಸ್ ಬೋರ್ಡು. ಬೋರ್ಡಿನಲ್ಲಿ ಅದೇ ದಿನದ ಫೈನಲ್ ಪಂದ್ಯ.

"ನೋಡಿ ಮೇಡಂ!" ಕೋಚ್ ಶಿಶಿರ್ ತಾನೇ ಹುಡುಕಿ ತಂದಿದ್ದ ಅದನ್ನು ತೀರ್ಪುಗಾರ್ತಿ ಕಾಂತಿಯ ಮೇಜಿನ ಮೇಲೆ ಕುಕ್ಕಿದ. "ನನ್ನ ಜಿತೇಶ್ ಸುಮ್ಮನೆ ಸೋಲುವವನಾ? ಆ ಹುಡುಗಿ ಎರಡು ಸಲ ಎದ್ದು ಹೋಗಿದ್ದಾಳೆ. ಕಂಪ್ಯೂಟರಿನ ಹತ್ತಿರ ಕೇಳಿ ಆಡಿದ್ದಾಳೆ."

ಮೂಡುಬಿದಿರೆಯ ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಆ ಹುಡುಗಿ ಎಂದರೆ ಬಂಟ್ವಾಳದ ಶಹಲಾ. ಈಗಷ್ಟೇ ಗೆದ್ದವಳು. ಗೆದ್ದವರಿಗೆ ರಾಜ್ಯ ತಂಡದಲ್ಲಿ ಜಾಗ. ಮೋಸ ಸಾಬೀತಾದರೆ ಜಾಗವೂ ಇಲ್ಲ, ಮುಂದೆ ಆಟವೂ ಇಲ್ಲ.

"ಹೊರಗೆ ಹಾಕಿ!" ಎಂದು ಯಾರೋ ಕೂಗಿದರು. ಊರಿಗೆ ತೀರ್ಪು ಕೊಡುವ ಅವಸರ ಯಾವತ್ತೂ ಇದ್ದದ್ದೇ. ಆದರೆ ಕಾಂತಿ ಲಾಯಿಲದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಗಾಳಿ ಬಂದತ್ತ ವಾಲುವವಳಲ್ಲ.

"ಲೆಕ್ಕ ಮಾಡದೆ ಉತ್ತರ ಬರೆಯುವ ಅಭ್ಯಾಸ ನನಗಿಲ್ಲ" ಎಂದು ಫೋನು ಎತ್ತಿಕೊಂಡಳು. ಸಿಮ್ ಇಲ್ಲ. ಲಾಕ್ ಇಲ್ಲ. ಯಾರದೆಂದು ತಿಳಿಯುವ ದಾರಿಯೇ ಇಲ್ಲ.

* * *

"ಮೊದಲ ಸಲ ಯಾಕೆ ಎದ್ದದ್ದು?" ಕಾಂತಿ ಶಹಲಾಳನ್ನು ಕೇಳಿದಳು.

"ನಮಾಝಿಗೆ, ಟೀಚರ್."

"ಎರಡನೇ ಸಲ?"

ಶಹಲಾ ಬಾಯಿ ಬಿಡಲಿಲ್ಲ. ಕಣ್ಣೂ ತಗ್ಗಿಸಲಿಲ್ಲ. ಈ ಹುಡುಗಿ ಕಳ್ಳಿಯಾಗಿರಬಾರದು ಎಂದು ಕಾಂತಿಯ ಮನಸ್ಸು ಹಟ ಹಿಡಿದಿತ್ತು. ಮನಸ್ಸಿನ ಹಟ ಸಾಕ್ಷಿಯಲ್ಲವಲ್ಲ.

ಅವಳು ಮತ್ತೆ ಪರದೆ ನೋಡಿದಳು. ಎರಡೂ ಕಡೆಯ ಕಾಲಾಳುಗಳು ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಎಲ್ಲೂ ದಾರಿಯಿಲ್ಲ. ಬಿಳಿ ಕಾಯಿಗಳ ನಡೆ ಬಾಕಿ ಇತ್ತು. ಬಿಳಿ ಎಂದರೆ ಶಹಲಾ.

"ಏನು ಆಡಬೇಕು?" ಎಂದು ಫೋನಿಗೇ ಕೇಳಿದಳು. ಆನೆಯನ್ನು ಒಂದು ಮನೆ ಪಕ್ಕಕ್ಕಿಡು ಎಂದಿತು ಫೋನು.

ಶಹಲಾ ಅಲ್ಲಿ ಆಡಿದ್ದು ಆನೆಯನ್ನಲ್ಲ. ಕುದುರೆಯನ್ನೇ ಬಲಿಕೊಟ್ಟಿದ್ದಳು.

ಕಾಂತಿ ಮೆಲ್ಲನೆ ನಕ್ಕಳು.

* * *

"ಶಿಶಿರ್ ಅವರೇ, ಈ ಫೋನಿನಲ್ಲಿ ಯಾವ ಬಣ್ಣ ಕೆಳಗೆ ಉಂಟು?"

"ಕಪ್ಪು. ಅದಕ್ಕೆಂತ?"

"ನಾವೆಲ್ಲ ನಮ್ಮ ಕಾಯಿಗಳನ್ನು ನಮ್ಮ ಕಡೆಗೆ ಇಟ್ಟುಕೊಂಡೇ ನೋಡುವುದು. ಕಪ್ಪು ಆಡಿದ್ದು ಜಿತೇಶ್."

"ತಿರುಗಿಸಿರಬಹುದು!"

"ಇರಬಹುದು. ಆದರೆ ಕುದುರೆ ಕೊಟ್ಟದ್ದು, ಆಮೇಲಿನ ದಾಳಿ, ಚೆಕ್‌ಮೇಟ್, ಒಂದೂ ಇದರಲ್ಲಿ ಇಲ್ಲ. ಗೆಲ್ಲಿಸಿದ ನಡೆಗಳನ್ನು ಫೋನು ಕಂಡೇ ಇಲ್ಲ. ಮತ್ತೆ ಹೇಳಿಕೊಟ್ಟದ್ದು ಹೇಗೆ? ಆಟ ನಿಂತಿರುವುದು ಜಿತೇಶ್ ಕೊನೆಯ ಸಲ ಹೊರಗೆ ಹೋಗಿ ಬಂದು ಇಟ್ಟ ನಡೆಗೆ. ನಾನು ಪಕ್ಕದಲ್ಲೇ ಕೂತಿದ್ದೆ."

ಮೋಸ ಮಾಡಿದವನು ಸೋತೂ ಇರಬಹುದು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಇನ್ನೊಂದು. ಆಟಗಾರರ ಕಿಸೆ ತಡಕಿಯೇ ಒಳಗೆ ಬಿಟ್ಟದ್ದು. ಕೋಚ್‌ಗಳ ಕಿಸೆ ನೋಡ್ಲಿಲ್ಲ. ಟ್ಯಾಂಕಿನ ಹಿಂದೆಯೇ ಕೈ ಹಾಕ್ಬೇಕು ಅಂತ ನಿಮಗೆ ಹೇಳಿದ್ದು ಯಾರು?"

ಉತ್ತರ ಬಂದದ್ದು ಜಿತೇಶನಿಂದ, ಅಳುತ್ತಾ. "ಸರ್ ಇಟ್ಟದ್ದು, ಟೀಚರ್. ನಾನು ನೋಡಿ ಬಂದು ಆಡ್ತಿದ್ದೆ. ಸೋತ ಮೇಲೆ ಅವಳ ತಲೆಗೆ ಕಟ್ಟುವ ಅಂತ ಅವರೇ ಹೇಳಿದ್ರು."

ಕಾಂತಿ ಶಹಲಾಳ ಕಡೆ ತಿರುಗಿದಳು. "ಎರಡನೇ ಸಲ ಇವನ ಹಿಂದೆ ಹೋದದ್ದಾ?"

"ಹೌದು. ಇಲ್ಲಿ ಕೂತು ತಲೆ ಕೆರ್ಕೊಳ್ಳುವವ, ಹೊರಗೆ ಹೋಗಿ ಬಂದ ಕೂಡಲೇ ಪಟಕ್ಕನೆ ಆಡ್ತಾನೆ. ಹೋಗಿ ನೋಡಿದೆ, ಬಾಗಿಲು ಹಾಕಿತ್ತು. ಸಾಕ್ಷಿ ಇಲ್ಲ. ಹೇಳಿದ್ರೆ ಯಾರು ನಂಬ್ತಾರೆ? ಸೋಲುವ ಭಯಕ್ಕೆ ಕಥೆ ಕಟ್ತಾಳೆ ಅಂತಿದ್ರಿ."

"ಮತ್ತೆ ಎಂತ ಮಾಡಿದೆ?"

"ಗ್ರ್ಯಾಂಡ್‌ಮಾಸ್ಟರ್‌ಗಳು ಕಂಪ್ಯೂಟರಿನ ಎದುರು ಮಾಡಿದ್ದನ್ನೇ. ಬೋರ್ಡು ತೆರೆದಿದ್ರೆ ಲೆಕ್ಕದಲ್ಲಿ ಅದನ್ನು ಹಿಡೀಲಿಕ್ಕೆ ಆಗುವುದಿಲ್ಲ. ಅದಕ್ಕೆ ಎಲ್ಲ ಕಾಲಾಳುಗಳನ್ನು ಮುಂದೆ ತಳ್ಳಿ ದಾರಿ ಬಂದ್ ಮಾಡಿದೆ. ಲೆಕ್ಕ ಹಾಕ್ಲಿಕ್ಕೆ ಎಂತದೂ ಸಿಗದೆ ಅದು ಸುಮ್ಮನೆ ಆಚೆ ಈಚೆ ಹೋಗು ಅಂತ ಹೇಳಿರ್ಬೇಕು. ಇವ ಎದ್ದು ಹೋಗ್ತಾ, ಬರ್ತಾ ಗಡಿಯಾರದ ಸಮಯ ಖಾಲಿ ಮಾಡ್ಕೊಂಡ. ಇನ್ನು ಏಳ್ಲಿಕ್ಕೆ ಸಮಯ ಇಲ್ಲ ಅಂತ ಆದ ಮೇಲೆ ಕುದುರೆ ಕೊಟ್ಟು ಬಾಗಿಲು ಒಡೆದೆ. ಯಂತ್ರ ಅವನ ಹತ್ತಿರ ಉಂಟು ಟೀಚರ್. ಕುರ್ಚಿಗೆ ಬರ್ಲಿಕ್ಕಿಲ್ಲವಲ್ಲ!"

ಹಿಂದಿನ ಬೆಂಚಿನಿಂದ ಅವಳ ಅಜ್ಜಿ ಬೀಪಾತುಮ್ಮ ಗಟ್ಟಿಯಾಗಿ ಚಪ್ಪಾಳೆ ಹೊಡೆದರು. ಹೊರಗೆ ಹಾಕಿ ಎಂದಿದ್ದವರೂ ಜೊತೆ ಸೇರಿದರು, ನಾಚಿಕೆಯಿಲ್ಲದೆ.

ಶಿಶಿರನನ್ನು ಸಂಘಟಕರು ಪಕ್ಕದ ಕೋಣೆಗೆ ಕರೆದೊಯ್ದರು. ಕಾಂತಿ ಫಲಿತಾಂಶ ಬರೆಯಲು ಪೆನ್ನು ತೆಗೆದಳು.

"ಎದುರಾಳಿ ಅನರ್ಹ ಅಂತ ಬರೀತೇನೆ. ನಿನಗೆ ಜಯ."

"ಬೇಡ ಟೀಚರ್." ಶಹಲಾ ಬೋರ್ಡಿನ ಬಳಿ ಹೋಗಿ, ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಕಪ್ಪು ರಾಜನ ಮೇಲೆ ಬೆರಳಿಟ್ಟಳು. "ಅವನನ್ನು ಏನು ಬೇಕಾದರೂ ಮಾಡಿ. ನನ್ನದು ಮಾತ್ರ ಚೆಕ್‌ಮೇಟ್ ಅಂತಲೇ ಬರೀರಿ."

ಕಾಂತಿ ಹಾಗೆಯೇ ಬರೆದಳು.